ಗುರುದೀಕ್ಷೆಯ ವಾರ: ಶೆಟ್ಟಿಹಳ್ಳಿಯಿಂದ ಮೂಡಿಗೆರೆ ಸೀಮೆಯವರೆಗೆ

ಭಾನುವಾರ, ಶೆಟ್ಟಿಹಳ್ಳಿ

ಏಪ್ರಿಲ್ ನಡುವಿಗೆ ಹೇಮಾವತಿಯ ಹಿನ್ನೀರು ಸಾಕಷ್ಟು ಹಿಂದೆ ಸರಿದಿರುತ್ತದೆ. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯ ಹಳೇ ಚರ್ಚಿನೊಳಗೆ ಆಗ ಕಾಲು ಒದ್ದೆಯಾಗದಂತೆ ಓಡಾಡಬಹುದು. ಮಳೆಗಾಲದಲ್ಲಿ ಬರುವವರು ನೀರಿನ ನಡುವೆ ನಿಂತ ಗೋಡೆಗಳ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಬಲಿಪೀಠವಿದ್ದ ಜಾಗವನ್ನು ಹತ್ತಿರದಿಂದ ನೋಡಬೇಕೆಂದರೆ ಬೇಸಿಗೆಯಲ್ಲೇ ಬರಬೇಕು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಕಟ್ಟಡವಿದು. ಗೊರೂರಿನಲ್ಲಿ ಅಣೆಕಟ್ಟು ಎದ್ದ ಮೇಲೆ ಜನ ಬೇರೆಡೆ ಹೋದರು, ಚಾವಣಿ ಹೋಯಿತು, ಚೂಪು ಕಮಾನುಗಳು ಉಳಿದವು.

ಗುರುದೀಕ್ಷೆ, ಅಂದರೆ ಕಥೋಲಿಕ ಪಾದ್ರಿಯಾಗುವವನಿಗೆ ಕೊಡುವ ದೀಕ್ಷೆ, ನೋಡಲು ಚಿಕ್ಕಮಗಳೂರಿಗೆ ಹೊರಟವರು ಮೊದಲು ಇಲ್ಲಿಗೆ ಬಂದರೆ ಒಳ್ಳೆಯದು. ಕಥೋಲಿಕ ಧರ್ಮಸಭೆಗೆ ಗುರು ಯಾಕೆ ಬೇಕು ಎಂಬ ಪ್ರಶ್ನೆ ಇಲ್ಲಿ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಪಾದ್ರಿಗಳು ಪ್ಯಾರಿಸ್ ವಿದೇಶಿ ಮಿಷನ್ ಸಂಘದವರು. 1792ರಲ್ಲಿ ಭಾರತಕ್ಕೆ ಬಂದು 1823ರಲ್ಲಿ ಹಿಂದಿರುಗಿದ ಅಬ್ಬೆ ದ್ಯುಬುವಾ ಕೂಡ ಅದೇ ಸಂಘದವರು. ಒಬ್ಬೊಬ್ಬ ಪಾದ್ರಿಯ ಪಾಲಿಗೆ ಈಗಿನ ಒಂದೆರಡು ಜಿಲ್ಲೆಗಳಷ್ಟು ನೆಲ. ಹಳ್ಳಿಯವರಿಗೆ ಅವರ ಮುಖ ಕಾಣುವುದೇ ಅಪರೂಪ. ಅವರಿಲ್ಲದ ತಿಂಗಳುಗಳಲ್ಲಿ ಏನು ನಡೆಯುತ್ತಿತ್ತು, ಏನು ನಿಲ್ಲುತ್ತಿತ್ತು ಎಂಬುದನ್ನು ಯೋಚಿಸಬೇಕು. ಕೂಸು ಸಾಯುವಂತಿದ್ದರೆ ಧರ್ಮಸಭೆಗೆ ಸೇರಿಸುವ ಜ್ಞಾನಸ್ನಾನವನ್ನು ಯಾರು ಬೇಕಾದರೂ ಕೊಡಬಹುದು, ನೀರೂ ಸರಿಯಾದ ಮಾತೂ ಧರ್ಮಸಭೆಯ ಉದ್ದೇಶವೂ ಇದ್ದರೆ ಸಾಕು. ಜಪಸರ ಹೇಳಬಹುದು, ಸತ್ತವರನ್ನು ಪ್ರಾರ್ಥನೆಯೊಂದಿಗೆ ಮಣ್ಣು ಮಾಡಬಹುದು. ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆ ಮಾತ್ರ ಇಲ್ಲ, ಪಾಪನಿವೇದನೆ ಇಲ್ಲ, ಸಾಯುವವರಿಗೆ ಎಣ್ಣೆ ಹಚ್ಚುವ ಸಂಸ್ಕಾರವಿಲ್ಲ. ಈ ಮೂರಕ್ಕೆ ದೀಕ್ಷೆ ಪಡೆದ ಗುರುವೇ ಬೇಕು. ಎಷ್ಟೇ ಭಕ್ತರಿದ್ದರೂ, ಎಷ್ಟೇ ಓದಿದವರಿದ್ದರೂ ಬದಲಿ ವ್ಯವಸ್ಥೆಯಿಲ್ಲ.

ಆ ಸಂಘ 17ನೇ ಶತಮಾನದಲ್ಲಿ ಹುಟ್ಟಿದಾಗಲೇ ಅದರ ಮುಖ್ಯ ಗುರಿ ಆಯಾ ನಾಡಿನವರನ್ನೇ ಗುರುಗಳನ್ನಾಗಿ ತಯಾರು ಮಾಡುವುದು ಎಂದು ನಿಗದಿಯಾಗಿತ್ತು. ಫ್ರಾನ್ಸನ್ನೋ ಸ್ಪೇನನ್ನೋ ಹೊತ್ತೊಯ್ಯಬೇಡಿ, ನಂಬಿಕೆಗೂ ನೀತಿಗೂ ವಿರುದ್ಧವಲ್ಲದ ರೂಢಿಗಳನ್ನು ಬಿಡಿಸಬೇಡಿ ಎಂಬ ಅರ್ಥದ ಸೂಚನೆ 1659ರಲ್ಲಿ ರೋಮಿನಿಂದಲೇ ಹೋಗಿತ್ತು. ಗೋಡೆ ನೀರಿಗೆ ಬಿದ್ದರೂ ಈ ಸೀಮೆಯ ಧರ್ಮಸಭೆ ನಿಂತಿರುವುದು ಆ ಗುರಿ ಕೈಗೂಡಿದ್ದರಿಂದ. ಕಟ್ಟಡಕ್ಕಿಂತ ಅದು ದೊಡ್ಡ ಕೆಲಸವೆಂದು ನಮ್ಮ ನಂಬಿಕೆ.

ಸೋಮವಾರ, ಹಾಸನ

ದೀಕ್ಷೆಯ ದಿನ ಕಾಣುವುದು ಎರಡೂವರೆ ಗಂಟೆಯ ಪೂಜೆ. ಅದರ ಹಿಂದಿನ ಕಾಗದದ ಕೆಲಸ ಚರ್ಚ್ ಕಚೇರಿಗಳಲ್ಲಿ ನಡೆಯುತ್ತದೆ. ಬೆಳಗಿನ ಪೂಜೆ ಮುಗಿದ ಮೇಲೆ ಇಂಥ ಕಚೇರಿಗೆ ಹೋಗಿ, ಜ್ಞಾನಸ್ನಾನದ ದಪ್ಪ ರಿಜಿಸ್ಟರನ್ನು ತೆರೆಸಿ ನೋಡಬೇಕು. ಪ್ರತಿ ಸಾಲಿನ ಕೊನೆಯಲ್ಲಿ ಒಂದು ಖಾಲಿ ಅಂಕಣವಿರುತ್ತದೆ. ಆ ಮಗು ಮುಂದೆ ದೃಢೀಕರಣ (ಜ್ಞಾನಸ್ನಾನದ ನಂತರ ನಂಬಿಕೆಯನ್ನು ಗಟ್ಟಿಮಾಡುವ ಸಂಸ್ಕಾರ) ಪಡೆದರೆ, ಮದುವೆಯಾದರೆ, ಸನ್ಯಾಸ ಸಂಸ್ಥೆಯಲ್ಲಿ ಆಜೀವ ವ್ರತ ತೊಟ್ಟರೆ ಅಲ್ಲೇ ಬರೆಯಬೇಕು. ಗುರುದೀಕ್ಷೆಯೂ ಅಲ್ಲೇ ಬರಬೇಕು. ದೀಕ್ಷೆ ಎಲ್ಲಿ ನಡೆದರೂ ಜ್ಞಾನಸ್ನಾನವಾದ ಊರಿನ ಚರ್ಚಿಗೆ ಸೂಚನೆ ಕಳುಹಿಸಬೇಕೆಂಬುದು ನಿಯಮ. ದೀಕ್ಷೆ ಪಡೆದವನಿಗೆ ರೋಮಿನ ವಿನಾಯಿತಿಯಿಲ್ಲದೆ ಮದುವೆ ಸಿಂಧುವಾಗದು. ನಾಳೆ ಯಾರಾದರೂ ಹೊಸ ಪ್ರಮಾಣಪತ್ರ ಕೇಳಿದರೆ ಆ ಅಂಕಣವೇ ಸತ್ಯ ಹೇಳುತ್ತದೆ.

ಕಾಗದ ಎಡವುವುದು ಹೆಚ್ಚಾಗಿ ಹೆಸರಿನಲ್ಲಿ. ಜ್ಞಾನಸ್ನಾನದಲ್ಲಿ ಸಂತರ ಹೆಸರು, ಶಾಲೆಯಲ್ಲಿ ಮನೆಯ ಹೆಸರು, ಆಧಾರ್ ಕಾರ್ಡಿನಲ್ಲಿ ಮೂರನೆಯದು. ಕಾಫಿ ತೋಟದ ಕೆಲಸಕ್ಕೆ ಘಟ್ಟದ ಕೆಳಗಿನಿಂದ ಬಂದ ಕುಟುಂಬಗಳಲ್ಲಿ ಇನ್ನೊಂದು ತೊಡಕು: ಮಗು ಬೆಳೆದದ್ದು ಇಲ್ಲಿ, ಹೆರಿಗೆಗೆ ತಾಯಿ ಹೋಗಿದ್ದು ತವರಿಗೆ, ಹಾಗಾಗಿ ರಿಜಿಸ್ಟರ್ ಇರುವುದು ಬೇರೆ ಧರ್ಮಪ್ರಾಂತ್ಯದಲ್ಲಿ, ಅಂದರೆ ಬೇರೊಬ್ಬ ಬಿಷಪ್ಪರ ಆಡಳಿತದ ಸೀಮೆಯಲ್ಲಿ. ದೀಕ್ಷೆಯ ತಿಂಗಳಲ್ಲಿ ಇದನ್ನು ಹುಡುಕಲು ಹೊರಟರೆ ಆಮಂತ್ರಣ ಪತ್ರಿಕೆ ಮುದ್ರಣವಾದ ಮೇಲೆ ಕಾಗದಕ್ಕಾಗಿ ಓಡುವ ಪಾಡು ಬರುತ್ತದೆ. ಪಾದ್ರಿಗಳ ತರಬೇತಿ ಶಾಲೆಯಾದ ಗುರುಮಠಕ್ಕೆ ಸೇರುವ ವರ್ಷವೇ ತೆಗೆದಿಡುವುದು ಕ್ಷೇಮ.

ಉಳಿದ ಷರತ್ತುಗಳು 1983ರ ಧರ್ಮಸಭಾ ಕಾನೂನು ಸಂಹಿತೆಯಲ್ಲಿವೆ. ಜ್ಞಾನಸ್ನಾನ ಪಡೆದ ಪುರುಷನಾಗಿರಬೇಕು, ದೃಢೀಕರಣ ಆಗಿರಬೇಕು. ಗುರುದೀಕ್ಷೆಗೆ 25 ವರ್ಷ ತುಂಬಿರಬೇಕು. ಅದಕ್ಕೂ ಮೊದಲು ಗುರುವಿಗಿಂತ ಒಂದು ಮೆಟ್ಟಿಲು ಕೆಳಗಿನ ಡೀಕನ್ ದೀಕ್ಷೆ, ಎರಡರ ನಡುವೆ ಕನಿಷ್ಠ 6 ತಿಂಗಳ ಅಂತರ. ತತ್ವಶಾಸ್ತ್ರಕ್ಕೂ ದೈವಶಾಸ್ತ್ರಕ್ಕೂ ಸೇರಿ ಕನಿಷ್ಠ 6 ವರ್ಷದ ಓದು. ನಮ್ಮಲ್ಲಿ ಪಿಯುಸಿ ಮುಗಿಸಿ ಬಂದವನಿಗೆ ಪೂರ್ವತಯಾರಿ, ಪದವಿ, ಚರ್ಚುಗಳಲ್ಲಿ ಪ್ರಾಯೋಗಿಕ ಸೇವೆ ಎಲ್ಲ ಸೇರಿ ಹತ್ತು ವರ್ಷ ದಾಟುವುದು ಸಾಮಾನ್ಯ. ದೀಕ್ಷೆಗೆ ಮೊದಲು ಕನಿಷ್ಠ 5 ದಿನದ ಧ್ಯಾನಕೂಟ ಕಡ್ಡಾಯ. ಇದೆಲ್ಲದರ ಮೇಲೆ, ದೀಕ್ಷಾರ್ಥಿ ತನ್ನ ಕೈಯಾರೆ ಬರೆದು ಸಹಿ ಹಾಕಿದ ಪತ್ರ ಬೇಕು. ಸ್ವಇಚ್ಛೆಯಿಂದ ಬಂದಿದ್ದೇನೆ, ಬಾಳಿಡೀ ಈ ಸೇವೆಗೆ ಒಪ್ಪಿಸಿಕೊಳ್ಳುತ್ತೇನೆ, ದೀಕ್ಷೆ ಕೊಡಿ ಎಂದು ಅದರಲ್ಲಿರಬೇಕು. ಟೈಪ್ ಮಾಡಿಸಿದ್ದು ನಡೆಯದು. ಒತ್ತಾಯದಿಂದ ಯಾರನ್ನೂ ತಳ್ಳಬಾರದೆಂದು ಕಾನೂನು ಇಷ್ಟು ಹಟ ಹಿಡಿದಿರುವುದು ಸರಿ. ಅಜ್ಜಿಯ ಹರಕೆಗೆ ಗುರುವಾದವನಿಗೂ ಕಷ್ಟ, ಅವನ ಕೈಕೆಳಗಿನ ಜನಕ್ಕೂ ಕಷ್ಟ.

ದೀಕ್ಷಾರ್ಥಿಯ ಹೆಸರನ್ನು ಅವನ ಊರಿನ ಚರ್ಚಿನಲ್ಲಿ ಪೂಜೆಯ ಕೊನೆಗೆ ಓದುವುದೂ ಇದೆ. ಇವನಿಗೆ ದೀಕ್ಷೆ ಕೊಡಬಾರದೆಂಬುದಕ್ಕೆ ಕಾರಣ ಗೊತ್ತಿದ್ದವರು ಬಂದು ಹೇಳಬೇಕು ಎಂಬ ಪ್ರಕಟಣೆಯದು. ಜನ ಇದನ್ನು ಅಭಿನಂದನೆಯೆಂದು ತಿಳಿದು ಚಪ್ಪಾಳೆ ತಟ್ಟುತ್ತಾರೆ. ಅದು ಜನರ ಸಾಕ್ಷ್ಯ ಕೇಳುವ ಹೊತ್ತು, ಗೊತ್ತಿದ್ದವರು ಹೇಳಲೇಬೇಕು.

ಮಂಗಳವಾರ, ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ

ಹಾಸನದಿಂದ ಬೇಲೂರು ಮಾರ್ಗವಾಗಿ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಎರಡು ಗಂಟೆಯ ಆಸುಪಾಸು. ಹೂಮಳೆ ಬಿದ್ದ ವಾರಗಳಾದ್ದರಿಂದ ಊರು ಹತ್ತಿರವಾಗುತ್ತಿದ್ದಂತೆ ಕಾಫಿ ಹೂವಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಗುರುದೀಕ್ಷೆಗಳನ್ನು ಪಾಸ್ಖ (ಈಸ್ಟರ್) ಹಬ್ಬದ ನಂತರದ ಈ ದಿನಗಳಲ್ಲಿ ಇಡುವುದಕ್ಕೆ ಲೌಕಿಕ ಕಾರಣವೂ ಇದೆ. ಹಣ್ಣು ಕೊಯ್ಲು ಮುಗಿದಿರುತ್ತದೆ, ಜೂನಿನ ಮಳೆ ಇನ್ನೂ ಹಿಡಿದಿರುವುದಿಲ್ಲ, ಮಕ್ಕಳಿಗೆ ರಜೆ.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಒಂದೇ ಧರ್ಮಪ್ರಾಂತ್ಯ. ಮೈಸೂರಿನಿಂದ ಬೇರ್ಪಟ್ಟು ಇದು 1963ರಲ್ಲಿ ಹುಟ್ಟಿತು. ಮೊದಲ ಧರ್ಮಾಧ್ಯಕ್ಷರು (ಬಿಷಪ್) ಅಲ್ಫೋನ್ಸಸ್ ಮಥಾಯಸ್, ಮುಂದೆ 1986ರಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದವರು. ಸಂತ ಜೋಸೆಫರ ಪ್ರಧಾನ ದೇವಾಲಯದಲ್ಲಿ ಧರ್ಮಾಧ್ಯಕ್ಷರ ಪೀಠವಿದೆ. ದೀಕ್ಷೆಯಲ್ಲಿ ಮೂರು ಹಂತ: ಡೀಕನ್, ಗುರು, ಧರ್ಮಾಧ್ಯಕ್ಷ. ಮೂರನ್ನೂ ಕೊಡುವ ಅಧಿಕಾರ ಧರ್ಮಾಧ್ಯಕ್ಷರಿಗೆ ಮಾತ್ರ. ಒಬ್ಬ ಗುರು ಇನ್ನೊಬ್ಬ ಗುರುವನ್ನು ಮಾಡಲಾರ. ಹೊಸ ಧರ್ಮಾಧ್ಯಕ್ಷರಿಗೆ ದೀಕ್ಷೆ ಕೊಡಲು ಕನಿಷ್ಠ ಮೂವರು ಧರ್ಮಾಧ್ಯಕ್ಷರಿರಬೇಕೆಂಬ ರೂಢಿ 325ರ ನಿಕೇಯ ಮಹಾಸಭೆಯಷ್ಟು ಹಳೆಯದು. ಯೇಸುವಿನ ಪ್ರೇಷಿತ ಶಿಷ್ಯರಿಂದ ಕೈಯಿಂದ ಕೈಗೆ ಬಂದ ಸರಣಿ ಕಡಿಯಬಾರದೆಂಬ ಎಚ್ಚರ ಅದರ ಹಿಂದಿದೆ.

ಸಂಜೆ ಹೊತ್ತಿಗೆ ನೋಡಬೇಕಾದ್ದು ಪೂಜಾವಸ್ತ್ರಗಳ ಕೋಣೆ, ಜನ ಸ್ಯಾಕ್ರಿಸ್ಟಿ ಎನ್ನುವುದು. ಉದ್ದ ಮೇಜಿನ ಮೇಲೆ ನಾಳೆಯದೆಲ್ಲ ಸಾಲಾಗಿ ಇಟ್ಟಿರುತ್ತಾರೆ. ದೀಕ್ಷಾವಿಧಿಯ ಪುಸ್ತಕ, ಪುಟಗಳಿಗೆ ರಿಬ್ಬನ್ ಹಾಕಿ. ದೀಕ್ಷಾರ್ಥಿಗೆ ತೊಡಿಸುವ ಹೊಸ ಪೂಜಾವಸ್ತ್ರ, ಇಸ್ತ್ರಿ ಮಾಡಿ, ಬಿಚ್ಚಿಟ್ಟ ಸ್ಥಿತಿಯಲ್ಲಿ. ಮಡಿಸಿಟ್ಟರೆ ನಾಳೆ ಎಲ್ಲರೆದುರು ಕುತ್ತಿಗೆಯ ತೂತು ಹುಡುಕಬೇಕಾಗುತ್ತದೆ. ಧರ್ಮಾಧ್ಯಕ್ಷರ ಮಡಿಲಿಗೆ ಹಾಸುವ ಬಿಳಿ ನಾರುಬಟ್ಟೆ. ಕ್ರಿಸ್ಮ ತೈಲದ ಚಿಕ್ಕ ಭರಣಿ. ಇದು ಆಲಿವ್ ಎಣ್ಣೆಗೆ ಸುಗಂಧ ಬೆರೆಸಿ, ಪಾಸ್ಖಕ್ಕೆ ಮುಂಚಿನ ಪವಿತ್ರ ವಾರದಲ್ಲಿ ಧರ್ಮಾಧ್ಯಕ್ಷರೇ ಗುರುಗಳೊಡನೆ ಪವಿತ್ರೀಕರಿಸಿದ್ದು. ಕೈತೊಳೆಯಲು ಬಿಂದಿಗೆ, ಬೋಗುಣಿ, ಸೋಪು, ಟವೆಲು, ಜತೆಗೆ ಒಂದು ತಟ್ಟೆಯಲ್ಲಿ ಹೋಳು ಮಾಡಿದ ನಿಂಬೆಹಣ್ಣು. ಬರೀ ನೀರಿಗೆ ಎಣ್ಣೆಯ ಜಿಡ್ಡು ಬಿಡುವುದಿಲ್ಲ, ಜಿಡ್ಡಿನ ಕೈಯಲ್ಲಿ ಲೋಹದ ಪಾನಪಾತ್ರೆ ಜಾರುತ್ತದೆ.

ದ್ರಾಕ್ಷಾರಸದ ಲೆಕ್ಕವೂ ಅವತ್ತೇ ಆಗಬೇಕು. ಜತೆಗೂಡಿ ಪೂಜೆ ಅರ್ಪಿಸುವ ಗುರುಗಳೆಲ್ಲ ರೊಟ್ಟಿ, ರಸ ಎರಡನ್ನೂ ಸ್ವೀಕರಿಸುತ್ತಾರೆ. ತಲಾ ಚಿಕ್ಕ ಗುಟುಕು, 5ರಿಂದ 10 ಮಿ.ಲೀ. ಎಂದರೂ 60 ಮಂದಿಗೆ ಅರ್ಧ ಲೀಟರಿನ ಸುಮಾರಿಗೆ ಮುಗಿಯುತ್ತದೆ. ಇರಲಿ ಎಂದು ಹೆಚ್ಚು ಸುರಿಯಬಾರದು. ಪವಿತ್ರೀಕರಣದ ಮೇಲೆ ಅದು ಕ್ರಿಸ್ತನ ರಕ್ತ, ಒಂದು ಹನಿಯನ್ನೂ ಚೆಲ್ಲುವಂತಿಲ್ಲ, ಮಿಕ್ಕಿದ್ದನ್ನು ಯಾರಾದರೂ ಕುಡಿದೇ ಮುಗಿಸಬೇಕು.

ತಾಲೀಮಿನಲ್ಲಿ ದೀಕ್ಷಾರ್ಥಿಗಿಂತ ಹೆಚ್ಚು ತಿದ್ದಿಸಿಕೊಳ್ಳುವವರು ಗಾಯಕರು ಮತ್ತು ಫೋಟೋದವರು. "ಕೈ ಇಡುವಾಗ ಕೀಬೋರ್ಡ್ ಮುಟ್ಟಬೇಡಿ, ಕಾರ್ಡ್ ಕೂಡ ಬೇಡ" ಎಂದು ವಿಧಿ ನಡೆಸುವ ಸ್ವಾಮಿಗಳು ಎರಡು ಸಲ ಹೇಳುತ್ತಾರೆ. ಹೇಳಲೇಬೇಕಾದ ಮಾತು ಅದು.

ಬುಧವಾರ, ಪ್ರಧಾನ ದೇವಾಲಯ

ಪೂಜೆ ಹತ್ತಕ್ಕಿದ್ದರೆ ಒಂಬತ್ತಕ್ಕೇ ಬನ್ನಿ, ಮಧ್ಯದ ಹಾದಿಯ ಪಕ್ಕ ಕೂರಿ. ಮುಂದಿನ ಸಾಲುಗಳು ಮನೆಯವರಿಗೆ ಮೀಸಲು. ದೀಕ್ಷಾರ್ಥಿ ಬಿಳಿ ನಿಲುವಂಗಿ ತೊಟ್ಟು, ಡೀಕನ್ನನ ಸ್ಟೋಲನ್ನು, ಅಂದರೆ ಉದ್ದನೆಯ ಪಟ್ಟಿವಸ್ತ್ರವನ್ನು, ಎಡ ಹೆಗಲಿನಿಂದ ಬಲ ಸೊಂಟಕ್ಕೆ ಓರೆಯಾಗಿ ಹಾಕಿಕೊಂಡು ಬರುತ್ತಾನೆ.

ಶುಭಸಂದೇಶ ವಾಚನದ ನಂತರ ದೀಕ್ಷಾವಿಧಿ ಶುರು. ಅವನ ಹೆಸರು ಕೂಗುತ್ತಾರೆ. "ಇಗೋ, ಬಂದಿದ್ದೇನೆ" ಎಂದು ಎದ್ದು ಮುಂದೆ ಬರುತ್ತಾನೆ. ಒಬ್ಬ ಹಿರಿಯ ಗುರು ಇವನಿಗೆ ದೀಕ್ಷೆ ಕೊಡಬೇಕೆಂದು ಧರ್ಮಸಭೆಯ ಪರವಾಗಿ ಕೇಳುತ್ತಾರೆ. ಇವನು ಯೋಗ್ಯನೆಂದು ಬಲ್ಲಿರಾ ಎಂದು ಧರ್ಮಾಧ್ಯಕ್ಷರು ವಿಚಾರಿಸುತ್ತಾರೆ. ಜನರನ್ನೂ, ತರಬೇತಿ ಕೊಟ್ಟವರನ್ನೂ ವಿಚಾರಿಸಿದ್ದೇವೆ, ಯೋಗ್ಯನೆಂದು ಕಂಡಿದೆ ಎಂಬ ಉತ್ತರ ಬಂದ ಮೇಲೆಯೇ ಆಯ್ಕೆಯ ಮಾತು. ಗಮನಿಸಿ, ನನಗೆ ಬೇಕು ಎಂದು ಅವನು ಎಲ್ಲೂ ಕೇಳುವುದಿಲ್ಲ. ಕರೆದರು, ಬಂದ. ಅವನ ಪರವಾಗಿ ಮಾತಾಡಿದವರು ಬೇರೆ. ಇಡೀ ವಿಧಿಯ ತಿರುಳು ಈ ಎರಡು ನಿಮಿಷದಲ್ಲಿದೆ: ಇದು ಒಬ್ಬನ ಸಾಧನೆಗೆ ಕೊಡುವ ಪದವಿಯಲ್ಲ, ಜನಕ್ಕಾಗಿ ಜನರ ನಡುವಿನಿಂದ ಒಬ್ಬನನ್ನು ತೆಗೆದುಕೊಳ್ಳುವುದು.

ಪ್ರಬೋಧನೆಯಾದ ಮೇಲೆ ಸಂಕಲ್ಪದ ಪ್ರಶ್ನೆಗಳು. ಧರ್ಮಾಧ್ಯಕ್ಷರ ಸಹಕಾರಿಯಾಗಿ ಮಂದೆ ಕಾಯುವೆಯಾ, ದೇವವಾಕ್ಯ ಸಾರುವೆಯಾ, ಸಂಸ್ಕಾರಗಳನ್ನು ಶ್ರದ್ಧೆಯಿಂದ ನೆರವೇರಿಸುವೆಯಾ, ಜನರಿಗಾಗಿ ಬಿಡದೆ ಪ್ರಾರ್ಥಿಸುವೆಯಾ, ದಿನದಿನಕ್ಕೂ ಕ್ರಿಸ್ತನೊಡನೆ ಒಂದಾಗುವೆಯಾ ಎಂದು. ಕೊನೆಯ ಪ್ರಶ್ನೆಗೆ ಮಾತ್ರ ದೇವರ ನೆರವಿನಿಂದ ಎಂಬ ಮಾತು ಸೇರುತ್ತದೆ. ಆಮೇಲೆ ಮಂಡಿಯೂರಿ, ಜೋಡಿಸಿದ ಕೈಗಳನ್ನು ಧರ್ಮಾಧ್ಯಕ್ಷರ ಕೈಗಳ ನಡುವೆ ಇಟ್ಟು, ಅವರಿಗೂ ಅವರ ಉತ್ತರಾಧಿಕಾರಿಗಳಿಗೂ ಗೌರವ, ವಿಧೇಯತೆಯ ಮಾತು ಕೊಡುತ್ತಾನೆ. ಎದುರಿಗಿರುವವರು ಯಾರೆಂದು ಗೊತ್ತು, ಮುಂದೆ ಬರುವವರು ಯಾರೆಂದು ಗೊತ್ತಿಲ್ಲ. ಮಾತು ಇಬ್ಬರಿಗೂ ಸೇರಿದ್ದು. ಬ್ರಹ್ಮಚರ್ಯದ ಮಾತನ್ನು ಡೀಕನ್ ದೀಕ್ಷೆಯಲ್ಲೇ ಕೊಟ್ಟಾಗಿರುತ್ತದೆ. ಧರ್ಮಪ್ರಾಂತ್ಯಕ್ಕೆ ಸೇರ್ಪಡೆಯಾಗುವುದೂ ಆಗಲೇ.

ಸಕಲ ಸಂತರ ಪ್ರಾರ್ಥನಾಮಾಲೆಗೆ ಅವನು ನೆಲದ ಮೇಲೆ ಬೋರಲು ಮಲಗುತ್ತಾನೆ. ಬೇರೆ ದಿನಗಳಲ್ಲಿ ಜನ ಈ ಹೊತ್ತಿಗೆ ಮಂಡಿಯೂರಬೇಕು, ಭಾನುವಾರಗಳಲ್ಲೂ ಪಾಸ್ಖ ಕಾಲದಲ್ಲೂ ನಿಂತೇ ಇರಬೇಕು. ಮೊದಲೇ ಹೇಳದಿದ್ದರೆ ಅರ್ಧ ಮಂದಿ ಕೂರುತ್ತಾರೆ, ಅರ್ಧ ಮಂದಿ ನಿಲ್ಲುತ್ತಾರೆ, ಹಿಂದಿದ್ದವರಿಗೆ ಏನೂ ಕಾಣದು.

ನಂತರ ಬರುವುದೇ ಮುಖ್ಯ ಗಳಿಗೆ. ಧರ್ಮಾಧ್ಯಕ್ಷರು ಮಾತಿಲ್ಲದೆ ಎರಡೂ ಕೈಗಳನ್ನು ಅವನ ತಲೆಯ ಮೇಲಿಡುತ್ತಾರೆ. ಅವರ ಹಿಂದೆ ಸ್ಟೋಲ್ ಧರಿಸಿದ ಗುರುಗಳೆಲ್ಲ ಒಬ್ಬೊಬ್ಬರಾಗಿ ಬಂದು ಕೈ ಇಡುತ್ತಾರೆ. 60 ಮಂದಿ, ತಲಾ 5 ಸೆಕೆಂಡ್ ಎಂದರೂ 5 ನಿಮಿಷ ಪೂರ್ತಿ ಮೌನ. ಹಣ್ಣು ಹಣ್ಣು ಮುದುಕ ಗುರು ಕೋಲು ಪಕ್ಕಕ್ಕೆ ಕೊಟ್ಟು ನಡುಗುವ ಕೈ ಇಡುತ್ತಾರೆ, ಹೋದ ವರ್ಷ ದೀಕ್ಷೆ ಪಡೆದವನೂ ಇಡುತ್ತಾನೆ. ಡೀಕನ್ ದೀಕ್ಷೆಯಲ್ಲಾದರೆ ಧರ್ಮಾಧ್ಯಕ್ಷರೊಬ್ಬರದೇ ಕೈ, ಇಲ್ಲಿ ಗುರುಗಳ ಬಳಗವೆಲ್ಲ ತಮ್ಮವನೆಂದು ಒಪ್ಪಿಕೊಳ್ಳುತ್ತದೆ. ಡ್ರೋನು ಹಾರುವುದು, ಫ್ಲ್ಯಾಶಿನ ಸುರಿಮಳೆ, ಮೈಕಿನಲ್ಲಿ ವಿವರಣೆ, ಮೆಲುದನಿಯ ಹಾಡು ಯಾವುದೂ ಇಲ್ಲಿ ಸಲ್ಲದು. ಉಳಿದ ಎಷ್ಟೋ ತಪ್ಪುಗಳನ್ನು ಸರಿಪಡಿಸಬಹುದು, ಕೆಡಿಸಿದ ಈ ಮೌನವನ್ನು ಮತ್ತೆ ತರಲಾಗದು.

ಕೂಡಲೇ ದೀಕ್ಷಾ ಪ್ರಾರ್ಥನೆ. ಮೋಶೆಗೆ ನೆರವಾದ 70 ಹಿರಿಯರನ್ನೂ ಆರೋನನ ಮಕ್ಕಳನ್ನೂ ನೆನೆದು, ಈ ಸೇವಕನಿಗೆ ಗುರುತ್ವದ ಘನತೆ ಕೊಡು, ಪವಿತ್ರಾತ್ಮನನ್ನು ಇವನಲ್ಲಿ ನವೀಕರಿಸು ಎಂದು ಬೇಡುವ ಮಾತು ಅದರ ನಡುವೆ ಬರುತ್ತದೆ. ಕೈ ಇಟ್ಟದ್ದು, ಈ ಮಾತು ಎರಡೇ ಸಂಸ್ಕಾರಕ್ಕೆ ಅತ್ಯಗತ್ಯ. ಹಿಂದೆ ಪಾನಪಾತ್ರೆ ಕೊಡುವುದರಿಂದಲೇ ದೀಕ್ಷೆ ಆಗುತ್ತದೆಂದು ವಾದಿಸಿದವರಿದ್ದರು. 1947ರಲ್ಲಿ ಪೋಪ್ 12ನೇ ಪಿಯುಸ್ ಈ ವಿವಾದಕ್ಕೆ ತೆರೆ ಎಳೆದರು. ಆ ವಾಕ್ಯ ಮುಗಿದ ಮೇಲೆ ಅವನು ಗುರು, ಸಾಯುವ ತನಕವಲ್ಲ, ಎಂದೆಂದಿಗೂ. ಮುಂದೆ ಆತ ಸೇವೆಯಿಂದ ತೆಗೆದುಹಾಕಲ್ಪಟ್ಟರೂ ಆ ಮುದ್ರೆ ಅಳಿಯದು, ಮರಳಿ ಬಂದರೆ ಎರಡನೇ ಸಲ ದೀಕ್ಷೆ ಇಲ್ಲ. ಅವನು ಪಾಪಿಯಾದರೂ ಅವನ ಕೈಯಿಂದಾದ ಸಂಸ್ಕಾರ ಸಿಂಧುವೇ, ಏಕೆಂದರೆ ಅಲ್ಲಿ ಕೆಲಸ ಮಾಡುವವನು ಕ್ರಿಸ್ತ. ಇದು ಗುರುವಿಗೆ ಕೊಟ್ಟ ರಿಯಾಯಿತಿಯೆಂದು ಕೆಲವರು ಸಿಟ್ಟಾಗುತ್ತಾರೆ. ನಿಜಕ್ಕೂ ಇದು ಜನರಿಗೆ ಕೊಟ್ಟ ಭರವಸೆ: ಗುರುವಿನ ಒಳಗನ್ನು ಅಳೆದು ನೋಡಿ ಪರಮಪ್ರಸಾದ (ಪವಿತ್ರೀಕರಿಸಿದ ರೊಟ್ಟಿ) ಸ್ವೀಕರಿಸಬೇಕಾದ ಹಂಗು ಬಡ ಭಕ್ತನಿಗಿಲ್ಲ.

ಇನ್ನು ಮುಂದಿನವೆಲ್ಲ ಆದದ್ದನ್ನು ಬಿಡಿಸಿ ತೋರಿಸುವ ಕ್ರಿಯೆಗಳು. ಓರೆ ಸ್ಟೋಲನ್ನು ತೆಗೆದು ಕುತ್ತಿಗೆಯಿಂದ ಎರಡೂ ಕಡೆ ಇಳಿಬಿಡುತ್ತಾರೆ, ಪೂಜಾವಸ್ತ್ರ ತೊಡಿಸುತ್ತಾರೆ. ಧರ್ಮಾಧ್ಯಕ್ಷರ ಮಡಿಲಿಗೆ ಬಿಳಿ ಬಟ್ಟೆ ಹಾಸುತ್ತಾರೆ. ಹೊಸ ಗುರು ಮಂಡಿಯೂರಿ ಅಂಗೈ ಚಾಚುತ್ತಾನೆ. ಧರ್ಮಾಧ್ಯಕ್ಷರು ಹೆಬ್ಬೆರಳನ್ನು ಕ್ರಿಸ್ಮದಲ್ಲಿ ಅದ್ದಿ ಎರಡೂ ಅಂಗೈಗಳಿಗೆ ಹಚ್ಚುತ್ತಾರೆ. ಸುಗಂಧ ಮೂರನೇ ಸಾಲಿನವರೆಗೂ ಬರುತ್ತದೆ. ಅರ್ಧ ಚಮಚ ಧಾರಾಳ. ಸುರಿದರೆ ಮುಂಗೈಗೆ ಇಳಿದು ಹೊಸ ವಸ್ತ್ರದ ತೋಳಿಗೆ ಕಲೆಯಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ತಾಯಿಗೆ ಕೊಡುವ ಹಳೇ ರೂಢಿ ಕೆಲವೆಡೆ ಇದೆ. ವಿಧಿಯಲ್ಲಿ ಅದು ಇಲ್ಲ, ಆದರೂ ಚೆಂದ.

ಕೈ ತೊಳೆದ ಮೇಲೆ ಜನರು ತಂದ ಕಾಣಿಕೆಯಿಂದ ರೊಟ್ಟಿಯ ತಟ್ಟೆಯನ್ನೂ, ನೀರು ಬೆರೆಸಿದ ದ್ರಾಕ್ಷಾರಸದ ಪಾನಪಾತ್ರೆಯನ್ನೂ ಅವನ ಕೈಗಿಡುತ್ತಾರೆ. ನೀನು ಮಾಡುವುದೇನೆಂದು ಅರಿತುಕೋ, ಆಚರಿಸುವುದನ್ನು ಅನುಸರಿಸು, ನಿನ್ನ ಬಾಳನ್ನು ಪ್ರಭುವಿನ ಶಿಲುಬೆಗೆ ಹೊಂದಿಸಿಕೋ ಎಂಬರ್ಥದ ಮಾತು ಆಗ ಬರುತ್ತದೆ. ಡೀಕನ್ ರಸ ಸುರಿಯಲು ಮರೆತು ಖಾಲಿ ಪಾತ್ರೆ ತಂದರೆ ಈ ಮಾತಿನ ಬಲವೇ ಹೋಗುತ್ತದೆ. ಆಮೇಲೆ ಶಾಂತಿಯ ಅಪ್ಪುಗೆ, ಅಲ್ಲಿಂದ ಪೂಜೆ ಎಂದಿನಂತೆ. ಧರ್ಮಾಧ್ಯಕ್ಷರ ಪಕ್ಕದಲ್ಲಿ ಹೊಸ ಗುರುವಿಗೆ ಜಾಗ.

ಹಾರ, ಶಾಲು, ಸನ್ಮಾನದ ಭಾಷಣ ಎಲ್ಲವೂ ಪೂಜೆ ಮುಗಿದ ಮೇಲೆ ಹೊರಗಿನ ಶಾಮಿಯಾನದಲ್ಲಿರಲಿ. ಪರಮಪ್ರಸಾದದ ಬೆನ್ನಿಗೇ ಮುಕ್ಕಾಲು ಗಂಟೆ ಸ್ವಾಗತ, ವಂದನೆ ಶುರುವಾದರೆ ಬೆಳಗಿನಿಂದ ವಿಧಿ ಹೇಳಿದ್ದನ್ನೆಲ್ಲ ಮೈಕು ಅಲ್ಲಗಳೆಯುತ್ತದೆ.

ಗುರುವಾರ, ಮೂಡಿಗೆರೆ ಸೀಮೆ

ಪ್ರಥಮ ಬಲಿಪೂಜೆ ಹುಟ್ಟೂರಿನಲ್ಲಿ. ಮೂಡಿಗೆರೆ ಕಡೆಯ ತೋಟಗಳ ನಡುವಿನ ಚರ್ಚುಗಳಿಗೆ ಬಸ್ಸು ಮುಖ್ಯರಸ್ತೆಯವರೆಗೆ, ಮುಂದಕ್ಕೆ ಜೀಪು ಇಲ್ಲವೇ ನಡಿಗೆ. ಕನ್ನಡ, ಕೊಂಕಣಿ ಎರಡರಲ್ಲೂ ಹಾಡು. ಹೊಸ ಗುರುವಿನ ಪಕ್ಕದಲ್ಲಿ ಅನುಭವಿ ಗುರುವೊಬ್ಬರು ಪುಟ ತಿರುಗಿಸಲು ನಿಲ್ಲುವುದು ವಾಡಿಕೆ, ಅದು ಬೇಕೂ ಬೇಕು. ವರ್ಷಗಟ್ಟಲೆ ಅಭ್ಯಾಸ ಮಾಡಿದವನಿಗೂ ಈ ದಿನ ಸಾಲು ತಪ್ಪುತ್ತದೆ. ಹೊಸ ಗುರುವಿಗೂ, ಭಕ್ತಿಯಿಂದ ಭಾಗವಹಿಸಿದ ಜನರಿಗೂ ಈ ಪೂಜೆಗೆ ಪೂರ್ಣ ದಂಡವಿಮೋಚನೆಯಿದೆ, ಅಂದರೆ ಕ್ಷಮೆಯಾದ ಪಾಪಕ್ಕೂ ಉಳಿಯುವ ಶಿಕ್ಷೆಯಿಂದ ಬಿಡುಗಡೆ. ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ, ಪಾಪದ ಮೋಹ ಬಿಡುವುದು ಎಂಬ ಎಂದಿನ ಷರತ್ತುಗಳೊಂದಿಗೆ.

ಪೂಜೆಯ ನಂತರ ಜನ ಸಾಲಾಗಿ ಬಂದು ಎಣ್ಣೆ ಹಚ್ಚಿದ ಅಂಗೈಗಳಿಗೆ ಮುತ್ತಿಟ್ಟು ಆಶೀರ್ವಾದ ಬೇಡುತ್ತಾರೆ. ಎಂಬತ್ತರ ಅಜ್ಜಿಯೂ ನಿನ್ನೆವರೆಗೆ "ಏನೋ ಮಗಾ" ಎಂದು ಕರೆದವನ ಮುಂದೆ "ಸ್ವಾಮೀ" ಎಂದು ತಲೆ ಬಾಗುತ್ತಾಳೆ. ಆ ಗೌರವ ಕೈಗೆ, ಆ ಕೈ ಮಾಡಲಿರುವ ಕೆಲಸಕ್ಕೆ. ಇದನ್ನು ಹೊಸ ಗುರು ಮೊದಲ ದಿನವೇ ತಿಳಿದುಕೊಂಡರೆ ಮುಂದಿನ ಎಷ್ಟೋ ಎಡವಟ್ಟು ತಪ್ಪುತ್ತದೆ. ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರೂ ಕ್ರಿಸ್ತನ ಯಾಜಕತ್ವದಲ್ಲಿ ಪಾಲು ಪಡೆದವರು, ದೀಕ್ಷೆಯ ಯಾಜಕತ್ವ ಇರುವುದೇ ಅವರ ಸೇವೆಗೆ ಎಂಬುದು ಎರಡನೇ ವ್ಯಾಟಿಕನ್ ಮಹಾಸಭೆಯ 1964ರ ಬೋಧನೆ. ಪಂಕ್ತಿಯಲ್ಲಿ ಕಡುಬು, ಹಂದಿಮಾಂಸದ ಸಾರು ಬಡಿಸುವಾಗ ಸ್ವಾಮಿಗಳೇ ಸೌಟು ಹಿಡಿದರೆ ಜನಕ್ಕೆ ಅದು ಹತ್ತು ಪ್ರಬೋಧನೆಗಿಂತ ಬೇಗ ತಿಳಿಯುತ್ತದೆ.

ಊಟದ ಹೊತ್ತಿಗೇ ಯಾರಾದರೂ ಪಾಪನಿವೇದನೆ ಕೇಳಲು ಬರುವುದುಂಟು. ಇಲ್ಲೊಂದು ಎಚ್ಚರ. ದೀಕ್ಷೆಯಿಂದ ಕ್ಷಮಿಸುವ ಶಕ್ತಿ ಬಂದಿರುತ್ತದೆ, ಆದರೆ ಅದನ್ನು ಬಳಸಲು ಧರ್ಮಾಧ್ಯಕ್ಷರ ಅನುಮತಿ ಬೇರೆಯಾಗಿ, ವಾಡಿಕೆಯಂತೆ ಬರಹದಲ್ಲಿ ಸಿಗಬೇಕು. ಆ ಕಾಗದ ಇನ್ನೂ ಕೈಸೇರದಿದ್ದರೆ ಊರಿನ ಗುರುಗಳ ಬಳಿಗೆ ಕಳಿಸಬೇಕು, ಸಂಕೋಚಪಟ್ಟು ಕೂರಬಾರದು, ಹಾಗೆ ಕೊಟ್ಟ ಕ್ಷಮೆ ಸಿಂಧುವಲ್ಲ. ಸಾವಿನ ಅಂಚಿನಲ್ಲಿರುವವರ ವಿಷಯ ಬೇರೆ. ತೋಟದ ಲೈನ್ ಮನೆಯಿಂದ ಹಾಗೊಂದು ಕರೆ ಬಂದರೆ ಯಾವ ಕಾಗದಕ್ಕೂ ಕಾಯಬೇಕಿಲ್ಲ. ರೋಗಿಗಳ ಎಣ್ಣೆಯ ಭರಣಿ, ಸ್ಟೋಲು, ಪರಮಪ್ರಸಾದದ ಚಿಕ್ಕ ಡಬ್ಬಿ ಈ ಮೂರನ್ನು ತೆಗೆದುಕೊಂಡು, ಎಲೆ ಮುಂದಿನಿಂದ ಎದ್ದಾದರೂ ಸರಿ, ಕೂಡಲೇ ಹೊರಡಬೇಕು. ಮೊದಲು ಪಾಪಕ್ಷಮೆ, ಆಮೇಲೆ ಹಣೆಗೂ ಕೈಗಳಿಗೂ ಎಣ್ಣೆ, ಕೊನೆಗೆ ನುಂಗಲು ಶಕ್ತಿಯಿದ್ದರೆ ಪರಮಪ್ರಸಾದ.